ಹೊಸದಾಗಿ ಬಂದ ಪ್ರಾಂಶುಪಾಲರು ಸಿಬ್ಬಂದಿಯ ಅಹವಾಲನ್ನು ಒಬ್ಬೊಬ್ಬರಿಂದಲೇ ಯಾಕೆ ಕೇಳಬೇಕು? ಒಂದು ಸಭೆ ಸಾಲದೇ?

ಸಾಲದು. ಸಭೆಯಲ್ಲಿ ಬಾಯಿ ಬಿಡಲು ಎಲ್ಲರಿಗೂ ಧೈರ್ಯ ಇರುವುದಿಲ್ಲ. ಮಂಗಳೂರು, ಉಡುಪಿಯ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಕಾಯಂ ಅಧ್ಯಾಪಕರ ಜೊತೆ ಅತಿಥಿ ಉಪನ್ಯಾಸಕರೂ ಪಾಠ ಮಾಡುತ್ತಾರೆ. ಅವರ ನೇಮಕ ಆಯಾ ಶೈಕ್ಷಣಿಕ ವರ್ಷಕ್ಕಷ್ಟೇ. ಮುಂದಿನ ವರ್ಷ ಕೆಲಸ ಸಿಗುವುದು ಕಾರ್ಯಭಾರದ ಮೇಲೆ, ಅಂದರೆ ವಾರಕ್ಕೆ ಎಷ್ಟು ತರಗತಿ ಉಳಿಯುತ್ತದೆ ಎಂಬುದರ ಮೇಲೆ. 2024-25ರಲ್ಲಿ ರಾಜ್ಯ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗ ಆ ಲೆಕ್ಕವನ್ನೂ ಹೊಸದಾಗಿ ಹಾಕಬೇಕಾಯಿತು. ಇಂಥ ಅಭದ್ರತೆಯಲ್ಲಿರುವವರು ಹಿರಿಯರೆಲ್ಲ ಕೂತಿರುವಾಗ ವೇಳಾಪಟ್ಟಿಯ ತಕರಾರು ಎತ್ತುವುದು ಹೇಗೆ? ಅಟೆಂಡರ್‌ಗಳ ಪಾಡೂ ಅದೇ.

ಗೌರವಧನ, ಖಾಲಿ ಹುದ್ದೆ ಸರ್ಕಾರದ ಕೈಯಲ್ಲಿವೆ. ವೇಳಾಪಟ್ಟಿ, ಕೊಠಡಿ ಹಂಚಿಕೆ ಮಾತ್ರ ಪ್ರಾಂಶುಪಾಲರೇ ಸರಿಮಾಡಬಹುದಾದವು. ಯಾವುದು ಇಲ್ಲೇ ಆಗುತ್ತದೆ, ಯಾವುದಕ್ಕೆ ಇಲಾಖೆಗೆ ಬರೆಯಬೇಕು ಎಂಬುದನ್ನು ಅಹವಾಲು ಹೇಳಿಕೊಂಡವರಿಗೆ ಬೇಗ ತಿಳಿಸಲೇಬೇಕು.