ಗುಳ್ಳೆ ಮಾಯ್ತು, ವೈರಸ್ ಎಲ್ಲಿಗೆ ಹೋಯ್ತು? (ಓದುಗರ ಪ್ರಶ್ನೆ, ಡಾಕ್ಟರ ಉತ್ತರ)

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹರ್ಪಿಸ್ ಅನ್ನೋ ಒಂದೇ ವೈರಸ್ ಕುಟುಂಬದ ಬಗ್ಗೆ ಇದ್ವು, ಅದಕ್ಕೇ ಒಟ್ಟಿಗೇ ತಗೊಂಡಿದೀನಿ.

ಪ್ರಶ್ನೆ: ಡಾಕ್ಟ್ರೇ, ನಾನು ಬೋಟಿಗೆ ಹೋಗೋನು. ಮಳೆಗಾಲ ಕಳೆದು ಬಿಸಿಲು ಜೋರಾಯ್ತು ಅಂದ್ರೆ ಕೆಳತುಟಿ ಎಡಗಡೆ ನೀರುಗುಳ್ಳೆ ಏಳ್ತದೆ. ಮನೇಲಿ ಉಷ್ಣ ಅಂತಾರೆ, ಆಸ್ಪತ್ರೇಲಿ ಹರ್ಪಿಸ್ ಅಂದ್ರು. ಮುಲಾಮು ಹಚ್ಚಿದೆ, ಹೋಯ್ತು, ಮತ್ತೆ ಬಂತು. ಪ್ರತೀ ಸಲ ಅದೇ ಜಾಗಕ್ಕೆ ಎಂತಕ್ಕೆ ಬರ್ತದೆ? ಬೇರುಸಮೇತ ಹೋಗೋ ಔಷಧ ಇಲ್ವಾ?
— ಓದುಗರು, ಬೇಲೇಕೇರಿ

ಉತ್ತರ: ಗುಳ್ಳೆ ಏಳೋದು ತುಟಿ ಮೇಲೆ, ಆದ್ರೆ ವೈರಸ್ ಮನೆ ಮಾಡ್ಕೊಂಡಿರೋದು ಅಲ್ಲಲ್ಲ. ಮುಖದ ನೋವು, ಸ್ಪರ್ಶ ಎಲ್ಲ ಮಿದುಳಿಗೆ ಮುಟ್ಟಿಸೋ ಟ್ರೈಜೆಮಿನಲ್ ಅನ್ನೋ ನರ ಇದೆ, ಅದರ ಜೀವಕೋಶಗಳು ಗುಂಪಾಗಿ ಕೂತಿರೋ ಗಂಟೊಂದು ತಲೆಬುರುಡೆ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಇರ್ತದೆ, ನಿಮ್ಮ ವೈರಸ್ ಇರೋದು ಆ ಎಡಗಡೆ ಗಂಟಲ್ಲಿ. ಬಹುಶಃ ಸಣ್ಣವರಿದ್ದಾಗ ಯಾರೋ ಮುದ್ದು ಮಾಡಿದಾಗ ಬಂದಿರ್ತದೆ. ಚರ್ಮದಲ್ಲಿರೋ ನರದ ತುದಿಗೆ ಹೊಕ್ಕು, ನರದ ಎಳೆಯೊಳಗೆ ಜೀವಕೋಶ ತನ್ನ ಸಾಮಾನು ಸಾಗಿಸೋಕೆ ಇಟ್ಕೊಂಡಿರೋ ದಾರೀಲೇ ಹಿಂದಕ್ಕೆ ಸಾಗಿ, ಸೀದಾ ನರಕೋಶದ ನ್ಯೂಕ್ಲಿಯಸ್‌ಗೆ, ಅಂದ್ರೆ ನಮ್ಮ ಡಿಎನ್ಎ ಇರೋ ನಡುಕೋಣೆಗೆ, ಹೋಗಿ ಸೇರ್ತದೆ.

ಅಲ್ಲಿ ಆಗೋದು ನಿಜಕ್ಕೂ ವಿಚಿತ್ರ. ಚರ್ಮದ ಕೋಶಕ್ಕೆ ಹೊಕ್ಕ ವೈರಸ್ ತಕ್ಷಣ ಸಾವಿರಾರು ಮರಿ ಮಾಡಿ ಆ ಕೋಶವನ್ನೇ ಕೊಂದು ಹಾಕ್ತದೆ, ಅದೇ ವೈರಸ್ ನರಕೋಶದಲ್ಲಿ ಸುಮ್ಮನಾಗ್ತದೆ. ಅದರ ಡಿಎನ್ಎ ಉಂಗುರದ ಹಾಗೆ ದುಂಡಗಾಗಿ, ನಮ್ಮ ಕ್ರೋಮೋಸೋಮ್‌ಗೆ ಸೇರದೆ ಪಕ್ಕದಲ್ಲೇ ಬೇರೆಯಾಗಿ ಉಳೀತದೆ. ನಮ್ಮದೇ ಹಿಸ್ಟೋನ್ ಪ್ರೋಟೀನುಗಳ ಸುತ್ತ ಅದು ದಾರದುಂಡೆ ಹಾಗೆ ಬಿಗಿಯಾಗಿ ಸುತ್ಕೊಳ್ತದೆ, ಹಂಗಾಗಿ ಅದರ ಜೀನುಗಳು ಹೆಚ್ಚುಕಮ್ಮಿ ಎಲ್ಲಾ ಬಂದ್. ಎಲ್‌ಎಟಿ ಅನ್ನೋ ಒಂದು ಆರ್‌ಎನ್‌ಎ ಮಾತ್ರ ಜೋರಾಗಿ ತಯಾರಾಗ್ತಿರ್ತದೆ, 1987ರಲ್ಲಿ ಅದು ಗೊತ್ತಾಯ್ತು. ಮತ್ತೆ ನರಕೋಶ ವಿಭಜನೆ ಆಗೋದಿಲ್ಲ, ನಾವು ಇರೋತನಕ ಇರ್ತದೆ, ಹಾಗಾಗಿ ವೈರಸ್‌ಗೆ ಉಳಿಯೋಕೆ ಏನೂ ಮಾಡೋ ಅಗತ್ಯವೇ ಇಲ್ಲ.

ನಮ್ಮ ರೋಗನಿರೋಧಕ ಶಕ್ತಿ ಎಂತ ಮಾಡ್ತದೆ ಅಂತ ಕೇಳಬಹುದು. ವೈರಸ್ಸಿನ ಪ್ರೋಟೀನಿನ ಚೂರು ಕೋಶದ ಮೇಲೆ ಕಂಡ್ರೆ ಮಾತ್ರ ಅದು ಗುರುತು ಹಿಡೀತದೆ, ಇಲ್ಲಿ ಪ್ರೋಟೀನೇ ತಯಾರಾಗ್ತಿಲ್ಲ. ಸ್ವಲ್ಪ ಮಿಸುಕಾಡಿದ್ರೆ ಅಲ್ಲೇ ಕಾವಲಿರೋ ಟಿ ಕೋಶಗಳು (ಒಂದು ಬಗೆ ಬಿಳಿ ರಕ್ತಕಣ) ವೈರಸ್ಸನ್ನ ಅದುಮ್ತಾವೆ, ಆದ್ರೆ ನರಕೋಶವನ್ನ ಕೊಲ್ಲೋದಿಲ್ಲ, ಯಾಕಂದ್ರೆ ಸತ್ತ ನರಕೋಶದ ಜಾಗಕ್ಕೆ ಹೊಸದು ಹುಟ್ಟೋದಿಲ್ಲ. ಔಷಧದ ಕಥೆಯೂ ಹಾಗೇ. ಅಸೈಕ್ಲೋವಿರ್ ಮಾತ್ರೆ ಬಹಳ ಜಾಣ ಔಷಧ (ಇದು ಹೊರಬಂದ ಪ್ರಯೋಗಾಲಯದ ಗರ್ಟ್ರೂಡ್ ಎಲಿಯನ್ ಅವ್ರಿಗೆ 1988ರಲ್ಲಿ ನೊಬೆಲ್ ಬಂತು), ವೈರಸ್ಸಿನದೇ ಒಂದು ಕಿಣ್ವದಿಂದ ಚುರುಕಾಗಿ ವೈರಸ್ ಡಿಎನ್ಎ ನಕಲಾಗೋದನ್ನ ನಿಲ್ಲಿಸ್ತದೆ. ಆದ್ರೆ ಸುಪ್ತವಾಗಿರೋ ವೈರಸ್ ಆ ಕಿಣ್ವವನ್ನೂ ಮಾಡೋದಿಲ್ಲ, ನಕಲೂ ಆಗೋದಿಲ್ಲ. ಬೇರುಸಮೇತ ಕೀಳೋ ಔಷಧ ಈಗ್ಲೂ ಇಲ್ಲ.

ಬಿಸಿಲಿನ ನೇರಳಾತೀತ ಕಿರಣ, ಜ್ವರ, ನಿದ್ದೆಗೇಡು, ಇಂಥದ್ದು ನರಕೋಶಕ್ಕೆ ತಾಗಿದ್ರೆ ಸುತ್ತಿದ ಡಿಎನ್ಎ ಸಡಿಲಾಗ್ತದೆ, ವೈರಸ್ ಅದೇ ಎಳೆ ಹಿಡ್ಕೊಂಡು ವಾಪಸ್ ಚರ್ಮಕ್ಕೆ ಬರ್ತದೆ. ಎಳೆ ಅದೇ ಆದ್ರೆ ಜಾಗವೂ ಅದೇ. 1905ರಷ್ಟು ಹಿಂದೇನೇ ಹಾರ್ವೆ ಕುಶಿಂಗ್ ಅನ್ನೋ ಅಮೆರಿಕದ ಸರ್ಜನ್, ಈ ನರದ ಗಂಟಿನ ಆಪರೇಷನ್ ಆದೋರಿಗೆ ಸಂಪರ್ಕ ತಪ್ಪಿದ ಚರ್ಮದಲ್ಲಿ ಗುಳ್ಳೆ ಏಳದೆ, ಸಂಪರ್ಕ ಇದ್ದ ಕಡೆ ಏಳೋದನ್ನ ಗಮನಿಸಿದ್ದ. ನೀವು ಮಾಡಬೇಕಾದ್ದು ಇಷ್ಟು, ಸನ್‌ಸ್ಕ್ರೀನ್ ಇರೋ ಲಿಪ್ ಬಾಮ್ ಹಚ್ಚಿ, ಅಗಲ ಅಂಚಿನ ಟೋಪಿ ಹಾಕಿ, ತುಟಿ ಚುಮುಚುಮು ಅಂದ ಕೂಡ್ಲೇ, ಗುಳ್ಳೆ ಏಳೋಕೆ ಮೊದ್ಲೇ, ಮಾತ್ರೆ ಶುರು ಮಾಡೋ ಬಗ್ಗೆ ನಿಮ್ಮ ಡಾಕ್ಟರ ಹತ್ರ ಕೇಳಿಟ್ಕೊಳ್ಳಿ.

ಪ್ರಶ್ನೆ: ನಮ್ಮನೆ ಆಯಿಗೆ 68 ವರ್ಷ. ಕೊನೆಕೊಯ್ಲಿನ ಗಡಿಬಿಡಿ ಮುಗೀತಿದ್ದ ಹಾಗೆ ಬೆನ್ನಿಂದ ಎಡಪಕ್ಕೆಗೆ ಉರಿ, ಆಮೇಲೆ ಗುಳ್ಳೆ, ಎರಡು ದಿನ ಆಯ್ತು. ಸರ್ಪಸುತ್ತು, ತಲೆ ಬಾಲ ಕೂಡಿದ್ರೆ ಜೀವಕ್ಕೆ ಅಪಾಯ, ನಾಗದೋಷ ಅಂತ ಊರಲ್ಲಿ ಹೇಳ್ತಿದಾರೆ. ಕೆಮ್ಮಣ್ಣಿನ ಲೇಪ ಹಾಕಿದ್ದು.
— ಓದುಗರು, ಶಿರಸಿ ತಾಲೂಕು

ಉತ್ತರ: ಪತ್ರಿಕೆ ಅಚ್ಚಾಗೋತನಕ ಕಾಯೋ ವಿಷಯ ಅಲ್ಲ ಇದು, ಅದಕ್ಕೇ ನಿಮ್ಗೆ ಅವತ್ತೇ ಫೋನ್ ಮಾಡ್ದೆ. ಉಳಿದ ಓದುಗರಿಗೂ ಗೊತ್ತಿರ್ಲಿ ಅಂತ ಬರೀತಿದೀನಿ. ಗುಳ್ಳೆ ಕಂಡ 72 ತಾಸಿನೊಳಗೆ ವೈರಸ್ ಅದುಮೋ ಮಾತ್ರೆ ಶುರುವಾಗಬೇಕು. ವೈರಸ್ ಎದ್ದು ನಕಲಾಗೋ ಹೊತ್ತಲ್ಲೇ ಔಷಧ ಅದನ್ನ ಹಿಡಿಯೋಕಾಗೋದು, ಆ ಮೂರು ದಿನವನ್ನೇ ನಮ್ಮ ಕಡೆ ಜನ ಲೇಪ, ಮಂತ್ರ ಅಂತ ಕಳೀತಾರೆ, ಆಮೇಲೆ ಗುಳ್ಳೆ ಒಣಗಿದ್ರೂ ಸೀರೆ ಸೆರಗು ತಾಗಿದ್ರೆ ಸಾಕು ಬೆಂಕಿ ಇಟ್ಟ ಹಾಗೆ ಅನ್ನೋ ನೋವು ತಿಂಗಳುಗಟ್ಲೆ ಉಳಿದು ನರಳ್ತಾರೆ. ನನಗೆ ನೋಡೋಕಾಗೋದಿಲ್ಲ ಅದು. ಪೂಜೆ ಮಾಡ್ಸೋದಿದ್ರೆ ಖಂಡಿತ ಮಾಡ್ಸಿ, ಆದ್ರೆ ಮೊದ್ಲ ಮಾತ್ರೆ ನುಂಗಿದ ಮೇಲೆ. ಒಡೆದ ಗುಳ್ಳೆ ಮೇಲೆ ಮಣ್ಣು ಮಾತ್ರ ಬೇಡ, ಕೀವಾಗ್ತದೆ.

ಆಯಿಗೆ ಸಣ್ಣವರಿದ್ದಾಗ ಅಮ್ಮ ಬಂದಿತ್ತು, ಅಂದ್ರೆ ಚಿಕನ್ ಪಾಕ್ಸ್, ಅಂತ ಫೋನಲ್ಲಿ ಹೇಳಿದ್ರಿ. ಅದೇ ವೈರಸ್ ಇದು, ಹರ್ಪಿಸ್ ಕುಟುಂಬದ್ದೇ. ಇಂಗ್ಲೆಂಡಿನ ಹೋಪ್-ಸಿಂಪ್ಸನ್ ಅನ್ನೋ ಸಾಮಾನ್ಯ ಕುಟುಂಬವೈದ್ಯರು ತಮ್ಮ ರೋಗಿಗಳನ್ನ ವರ್ಷಗಟ್ಲೆ ಗಮನಿಸಿ, ಇದು ಹೊರಗಿಂದ ಹೊಸದಾಗಿ ಬರೋದಲ್ಲ, ಒಳಗೇ ಉಳಿದದ್ದು ಏಳೋದು ಅಂತ 1965ರಲ್ಲಿ ಬರೆದ್ರು. ಬೆನ್ನುಹುರಿ ಪಕ್ಕ ಉದ್ದಕ್ಕೂ ನರದ ಗಂಟುಗಳಿದಾವೆ, ಎಡಕ್ಕೆ ಬೇರೆ ಬಲಕ್ಕೆ ಬೇರೆ, ಒಂದೊಂದಕ್ಕೂ ಚರ್ಮದ ಒಂದೊಂದು ಪಟ್ಟಿ. ಒಂದು ಗಂಟಲ್ಲಿ ಎದ್ದ ವೈರಸ್ ಆ ಪಟ್ಟಿ ತುಂಬ ಹರಡಿ ಮೈಯ ನಡುಗೆರೆಗೆ ಬಂದು ನಿಲ್ತದೆ, ಅದಕ್ಕೇ ತಲೆ ಬಾಲ ಸಾಮಾನ್ಯವಾಗಿ ಕೂಡೋದೇ ಇಲ್ಲ. ಎರಡೂ ಕಡೆ, ಮೈಯೆಲ್ಲ ಹರಡಿದ್ರೆ ರೋಗನಿರೋಧಕ ಶಕ್ತಿ ತುಂಬಾ ಕುಗ್ಗಿರಬಹುದು, ಆಸ್ಪತ್ರೆಗೆ ಹೋಗಲೇಬೇಕು. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದೀಲಿ ಗುಳ್ಳೆ ಬಂದ್ರೆ ಅದೇ ದಿನ ಕಣ್ಣಿನ ಡಾಕ್ಟ್ರು, ದೃಷ್ಟಿ ಹೋಗಬಹುದು.

50 ದಾಟಿದವರಿಗೆ ಇದಕ್ಕೆ ಲಸಿಕೆ ಇದೆ, 2023ರಿಂದ ಭಾರತದಲ್ಲೂ ಸಿಗ್ತಿದೆ, 2ರಿಂದ 6 ತಿಂಗಳ ಅಂತರದಲ್ಲಿ 2 ಡೋಸ್, ರೇಟು ಜಾಸ್ತಿನೇ. ಒಮ್ಮೆ ಸರ್ಪಸುತ್ತು ಆದೋರೂ ವಾಸಿಯಾದ ಮೇಲೆ ತಗೋಬಹುದು.

ಪ್ರಶ್ನೆ: ಬಸುರಿ ಟೆಸ್ಟಲ್ಲಿ ಹರ್ಪಿಸ್ ಟೈಪ್ 1 ಐಜಿಜಿ ಪಾಸಿಟಿವ್ ಬಂತು. ಗಂಡ ಗಲ್ಫಲ್ಲಿದ್ದು ರಜೆಗೆ ಬಂದು ಹೋದವ್ರು. ರಿಪೋರ್ಟ್ ನೋಡಿ ಮನೇಲಿ ಮಾತೇ ನಿಂತಿದೆ.
— ಹೆಸರು ಬೇಡ, ಹೊನ್ನಾವರ

ಉತ್ತರ: ತಂಗೀ, ಈ ಉತ್ತರ ಮನೆಯವರಿಗೂ ಓದಿ ಹೇಳು. ಐಜಿಜಿ ಪಾಸಿಟಿವ್ ಅಂದ್ರೆ ದೇಹ ಯಾವಾಗ್ಲೋ ಈ ವೈರಸ್ ಕಂಡಿದೆ ಅಂತ ಮಾತ್ರ. ಯಾವಾಗ, ಯಾರಿಂದ ಅಂತ ಈ ಟೆಸ್ಟ್ ಹೇಳೋಕೆ ಸಾಧ್ಯವೇ ಇಲ್ಲ. ಟೈಪ್ 1, ಅಂದ್ರೆ ಸಾಮಾನ್ಯವಾಗಿ ತುಟಿಗುಳ್ಳೆ ಎಬ್ಬಿಸೋ ವೈರಸ್, ಹೆಚ್ಚಾಗಿ ಬರೋದೇ ಬಾಲ್ಯದಲ್ಲಿ, ಎಂಜಲಿಂದ, ಮುತ್ತಿಂದ, ಎಷ್ಟೋ ಜನಕ್ಕೆ ಒಂದು ಗುಳ್ಳೆನೂ ಎದ್ದಿರೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿನ ಪ್ರಕಾರ ಜಗತ್ತಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಇದಿದೆ, ಅಂದ್ರೆ ನೂರಕ್ಕೆ 64. ಯಾರ ನಡತೆಗೂ ಈ ರಿಪೋರ್ಟಿಗೂ ಸಂಬಂಧ ಇಲ್ಲ. ಹೆರಿಗೆ ಹತ್ರ ಬಂದಾಗ ಗುಪ್ತಾಂಗದಲ್ಲಿ ಗುಳ್ಳೆ, ಹುಣ್ಣು, ಉರಿ ಕಂಡ್ರೆ ಮಾತ್ರ ನಾಚಿಕೆ ಮಾಡ್ದೆ ಡಾಕ್ಟರಿಗೆ ಹೇಳು, ಅದು ಕೂಸಿಗೆ ತಾಗಬಾರದು.

ಪ್ರಶ್ನೆ: ಅಜ್ಜಿಗೆ ಸರ್ಪಸುತ್ತು. ಮೊಮ್ಮಗುವನ್ನ ಹತ್ರ ಬಿಡಬಹುದಾ?
— ಓದುಗರು, ಕಾರವಾರ

ಉತ್ತರ: ಸರ್ಪಸುತ್ತು ಅಂಟೋದಿಲ್ಲ. ಆದ್ರೆ ಗುಳ್ಳೆ ನೀರಲ್ಲಿ ವೈರಸ್ ಇರ್ತದೆ, ಚಿಕನ್ ಪಾಕ್ಸ್ ಆಗದ, ಅದರ ಲಸಿಕೆನೂ ಹಾಕಿಸದ ಮಗುವಿಗೆ ಅದರಿಂದ ಚಿಕನ್ ಪಾಕ್ಸ್ ಬರಬಹುದು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟೋತನಕ ಬಟ್ಟೆಯಿಂದ ಮುಚ್ಚಿಟ್ಟು, ಟವೆಲ್ ಬೇರೆ ಮಾಡಿ. ಮನೇಲಿ ಚಿಕನ್ ಪಾಕ್ಸ್ ಆಗದ ಬಸುರಿ ಇದ್ರೆ ಅವ್ರೂ ದೂರ ಇರ್ಲಿ.