ತೇಜಸ್ ಯುದ್ಧಕ್ಕೆ ಸಿದ್ಧವಿದೆಯೇ ಎಂದು ಕೇಳಿದವರಿಗೆ

ನಮ್ಮ ದೇಶದಲ್ಲೇ ತಯಾರಾಗುವ ಯುದ್ಧವಿಮಾನ ತೇಜಸ್ ದುಬೈನಲ್ಲಿ ಬಿದ್ದ ಮೇಲೆ ಅದನ್ನು ಯುದ್ಧಕ್ಕೆ ನಂಬಬಹುದೇ, ಅದರ ಬದಲು ಹೊರಗಿನಿಂದ ಕೊಂಡರೆ ಆಗದೇ ಎಂದು ಕೇಳಿದ್ದೀರಿ. ವಿಮಾನವನ್ನು ನಾನು ನಂಬುತ್ತೇನೆ. ನನ್ನ ಚಿಂತೆಯೆಲ್ಲ ಅದು ಎಷ್ಟಿದೆ, ಯಾವಾಗ ಬರುತ್ತದೆ ಎಂಬುದರ ಬಗ್ಗೆ.

ಬೀದರಿನ ಚಿದ್ರಿ ರಸ್ತೆಯಲ್ಲಿ ಕೊಳವೆಬಾವಿ ಮೋಟರ್ ರಿಪೇರಿ ನನ್ನ ಕಸುಬು. ವಾಯುನೆಲೆ ಹತ್ತಿರವೇ ಇದೆ. ಬೆಳಿಗ್ಗೆ ಹಾಕ್ ತರಬೇತಿ ವಿಮಾನಗಳು ಮೇಲೇಳುವಾಗ ಅಂಗಡಿಯ ತಗಡು ನಡುಗುತ್ತದೆ. ಆಡುತ್ತಿದ್ದ ಮಾತು ನಿಲ್ಲಿಸಿ, ಸದ್ದು ಸರಿದ ಮೇಲೆ ಮುಂದುವರಿಸುವುದು ಇಲ್ಲಿ ಎಲ್ಲರಿಗೂ ರೂಢಿ. ಅಂಥ ವಿಮಾನ ಬೇಕೆಂಬ ಶಿಫಾರಸು ಬಂದದ್ದು 1980ರ ದಶಕದಲ್ಲಿ. ಒಪ್ಪಂದವಾದದ್ದು 2004ರಲ್ಲಿ, ಬೀದರಿನಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ. ಆ ನಡುವೆ ಎಷ್ಟೋ ಹುಡುಗರು ಕಿರಣ್‌ನಂಥ ನಿಧಾನದ ವಿಮಾನದಲ್ಲಿ ಕಲಿತು ನೇರ ವೇಗದ ಯುದ್ಧವಿಮಾನ ಮಿಗ್-21 ಏರಿದರು. ಎಲ್ಲರೂ ಉಳಿಯಲಿಲ್ಲ. ಹಾಗಾಗಿ ‘ಸ್ವಲ್ಪ ತಡವಾಗಿದೆ’ ಎಂಬ ಮಾತು ಕೇಳಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

2025ರ ನವೆಂಬರ್ 21ರಂದು ದುಬೈನಲ್ಲಿ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡರು. ಆ ನೋವನ್ನು ಯಾವ ಲೆಕ್ಕವೂ ಕಡಿಮೆ ಮಾಡದು. ಆದರೂ 2001ರಲ್ಲಿ ಮೊದಲು ಹಾರಿದ ತೇಜಸ್ ಅದಕ್ಕೂ ಮುನ್ನ ಬಿದ್ದದ್ದು ಒಂದೇ ಬಾರಿ, 2024ರ ಮಾರ್ಚ್‌ನಲ್ಲಿ ಜೈಸಲ್ಮೇರ್ ಬಳಿ, ಪೈಲಟ್ ಬದುಕಿದರು. ಇಷ್ಟರ ಮೇಲೆ ವಿಮಾನವೇ ಕೆಟ್ಟದ್ದು ಎನ್ನಲು ನನಗೆ ಮನಸ್ಸು ಬಾರದು.

ಲೆಕ್ಕ ನೋಡಿ. ವಾಯುಪಡೆಗೆ ಮಂಜೂರಾಗಿರುವುದು 42 ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತಂಡ. 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾದಾಗ ಉಳಿದದ್ದು 29. ಆ ಖಾಲಿ ಜಾಗ ತುಂಬಬೇಕಾದ ತೇಜಸ್‌ನ ಮಾರ್ಕ್-1ಎ ಮಾದರಿಯ 83 ವಿಮಾನಗಳಿಗೆ 2021ರ ಫೆಬ್ರುವರಿಯಲ್ಲೇ ಒಪ್ಪಂದವಾಗಿತ್ತು. 2024ರ ಆರಂಭದಿಂದ ಕೈಗೆ ಬರಬೇಕಿತ್ತು. ಬರಲಿಲ್ಲ. ಎಂಜಿನ್ ಅಮೆರಿಕದ ಜಿಇ ಕಂಪನಿಯ ಎಫ್-404. ಹಿಂದಿನ ಬೇಡಿಕೆ ಮುಗಿದ ಮೇಲೆ ಅದರ ತಯಾರಿಕೆಯೇ ನಿಂತಿತ್ತು. ಮತ್ತೆ ಶುರು ಮಾಡಿ, ನಾವು ಕೇಳಿದ್ದ 99 ಎಂಜಿನ್‌ಗಳಲ್ಲಿ ಮೊದಲನೆಯದನ್ನು ಕಳಿಸುವಷ್ಟರಲ್ಲಿ 2025ರ ಮಾರ್ಚ್ ಆಗಿತ್ತು. ಅದಕ್ಕೂ ಒಂದು ತಿಂಗಳ ಮೊದಲು ವಾಯುಪಡೆಯ ಮುಖ್ಯಸ್ಥರು ತೇಜಸ್ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್ ಮೇಲೆ ತಮಗೆ ವಿಶ್ವಾಸ ಇಲ್ಲವೆಂದು ಬೆಂಗಳೂರಿನ ವೈಮಾನಿಕ ಪ್ರದರ್ಶನದಲ್ಲೇ ಹೇಳಿದ್ದರು. ಹೇಳಿದ್ದು ಒಳ್ಳೆಯದೇ ಆಯಿತು.

ಕಳೆದ ಬೇಸಿಗೆಯಲ್ಲಿ ಕಬ್ಬಿನ ರೈತರೊಬ್ಬರ ಮೋಟರ್ ನನ್ನ ಬಾಗಿಲಲ್ಲಿ ನಾಲ್ಕು ದಿನ ಮಲಗಿತ್ತು. ತಂತಿ ಹೊಸದಾಗಿ ಸುತ್ತಿದ್ದೆ, ವಾರ್ನಿಷ್ ಒಣಗಿತ್ತು, ಒಂದು ಬೇರಿಂಗ್ ಹೊರಗಿನಿಂದ ಬರಬೇಕಿತ್ತು. ಅವರು ದಿನವೂ ಬಂದು ಮೋಟರಿನ ಮೇಲೆ ಕೈಯಿಟ್ಟು ನೋಡಿ, ಏನೂ ಹೇಳದೆ ಹೋಗುತ್ತಿದ್ದರು. ತೇಜಸ್‌ನ ಒಡಲು ಸಿದ್ಧ, ಎಂಜಿನ್‌ಗೆ ಕಾಯುತ್ತಿದ್ದೇವೆ ಎಂಬ ಸುದ್ದಿ ಓದಿದಾಗಲೆಲ್ಲ ಆ ಕೈ ಕಣ್ಣ ಮುಂದೆ ಬರುತ್ತದೆ.

ಸ್ವಂತ ಎಂಜಿನ್ ಆಗಬೇಕೆಂದು ‘ಕಾವೇರಿ’ ಕೆಲಸ ಶುರುವಾಗಿದ್ದು 1980ರ ದಶಕದ ಕೊನೆಯಲ್ಲಿ. ತೇಜಸ್‌ಗೆ ಬೇಕಾದ ಬಲ ಅದರಿಂದ ಸಿಗದೆ, 2008ರಲ್ಲಿ ಅದನ್ನು ಈ ಯೋಜನೆಯಿಂದ ಬಿಡಿಸಿದರು. ನಿಜವಾಗಿ ಪ್ರಶ್ನೆ ಕೇಳಬೇಕಾದ ಜಾಗ ಇದು.

ಇನ್ನು ಹೊರಗಿನಿಂದ ಕೊಳ್ಳುವ ಮಾತು. ಫ್ರಾನ್ಸ್‌ನ 36 ರಫೇಲ್ ಯುದ್ಧವಿಮಾನಗಳಿಗೆ 2016ರಲ್ಲಿ ಸಹಿ ಬಿತ್ತು. ಕೊನೆಯದು ಭಾರತಕ್ಕೆ ಬಂದಿಳಿದದ್ದು 2022ರ ಡಿಸೆಂಬರ್‌ನಲ್ಲಿ. ಅಷ್ಟೂ ಸೇರಿ ಎರಡು ಸ್ಕ್ವಾಡ್ರನ್.