ಪ್ರತಿಕ್ರಿಯೆ: ಡಯಾನ್ ಬೂಸಿಕೋ ಮೊದಲು ನಟನೋ, ನಾಟಕಕಾರನೋ?

ನಮಸ್ಕಾರ. ಐರ್ಲೆಂಡಿನಿಂದ ಹೋದ ಬೂಸಿಕೋ ಅಮೆರಿಕದಲ್ಲಿ ನಟನಾಗಿ ಬದುಕಿದನೋ, ಬರೆದು ಬದುಕಿದನೋ ಎಂದು ಕೇಳಿದ್ದೀರಿ. ಎರಡನ್ನೂ ಬೇರೆ ಮಾಡೋದು ಕಷ್ಟ.

ಡಬ್ಲಿನ್‌ನಲ್ಲಿ ಹುಟ್ಟಿದವನು. ಇಂಗ್ಲೆಂಡಿನಲ್ಲಿ ಲಂಡನ್ ಹೊರಗಿನ ಊರುಗಳಲ್ಲಿ ಬೇರೆ ಹೆಸರಿಟ್ಟುಕೊಂಡು ನಟಿಸುತ್ತಿದ್ದ. 1841ರಲ್ಲಿ ಅವನ ನಾಟಕ ‘ಲಂಡನ್ ಅಶ್ಯೂರೆನ್ಸ್’ ಲಂಡನ್‌ನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಗೆದ್ದಿತು, ಬರಹಗಾರ ಅಂತ ಹೆಸರಾಯಿತು. ನ್ಯೂಯಾರ್ಕ್ ಸೇರಿದ್ದು 1853ರಲ್ಲಿ.

ಅಲ್ಲಿ ಅವನು ಪಾತ್ರಗಳನ್ನು ತನಗಾಗಿಯೇ ಬರೆದುಕೊಂಡ. ‘ದಿ ಕಾಲೀನ್ ಬಾನ್’ (1860) ನಾಟಕದ ಮೈಲ್ಸ್, ‘ದಿ ಶಾಕ್ರಾನ್’ (1874) ನಾಟಕದ ಕಾನ್, ಎರಡೂ ತಾನೇ ಆಡಿದ ಪಾತ್ರಗಳು. ಆಗ ರಂಗದ ಮೇಲೆ ಐರಿಷ್ ಮನುಷ್ಯ ಅಂದರೆ ಕುಡುಕ, ಪೆದ್ದ. ಬೂಸಿಕೋ ಅವನಿಗೆ ಜಾಣತನ ಕೊಟ್ಟ, ಒಳ್ಳೆಯ ಮನಸ್ಸು ಕೊಟ್ಟ. ತನ್ನ ನಾಡಿನ ಮಾತಿನ ಧಾಟಿಯನ್ನೇ ಬಂಡವಾಳ ಮಾಡಿಕೊಂಡ. ನನಗೆ ತುಂಬಾ ಇಷ್ಟವಾಗುವುದು ಇದೇ.

ದುಡ್ಡಿನ ವಿಷಯವೂ ಮುಖ್ಯ, ಅಲ್ವಾ? ಆಗ ನಾಟಕವನ್ನು ಒಂದೇ ಸಲ ಮಾರಿಬಿಡುತ್ತಿದ್ದರು. ನೂರು ಸಲ ಆಡಿದರೂ ಬರೆದವನಿಗೆ ಜಾಸ್ತಿ ಏನೂ ಬರುತ್ತಿರಲಿಲ್ಲ. ಪ್ರದರ್ಶನದ ಹಕ್ಕು ನಾಟಕಕಾರನಿಗೇ ಸೇರಬೇಕು ಎಂದು ಬೂಸಿಕೋ ಮತ್ತು ಇತರರು ಹೋರಾಡಿದರು. 1856ರಲ್ಲಿ ಅಮೆರಿಕದಲ್ಲಿ ಆ ಕಾನೂನು ಬಂತು. ಲಂಡನ್‌ನಲ್ಲಿ ‘ಕಾಲೀನ್ ಬಾನ್’ ಆಡಿಸುವಾಗ ಗಳಿಕೆಯಲ್ಲೇ ಪಾಲು ಕೇಳಿ ಪಡೆದ.

ಕೊನೆಗಾಲದಲ್ಲಿ ನ್ಯೂಯಾರ್ಕ್‌ನಲ್ಲಿ ನಟನೆ ಕಲಿಸುತ್ತಿದ್ದ. 1890ರಲ್ಲಿ ಅಲ್ಲೇ ತೀರಿಕೊಂಡ. ಓದುವುದಾದರೆ ‘ಶಾಕ್ರಾನ್’ನಿಂದ ಶುರು ಮಾಡಿ. ಕಾನ್‌ನ ಮಾತುಗಳನ್ನು ಜೋರಾಗಿ ಓದಿಕೊಳ್ಳಿ, ಬರೆದವನು ನಟ ಅನ್ನೋದು ತಕ್ಷಣ ಗೊತ್ತಾಗುತ್ತದೆ.